ಧಾರೆಯ ವಿಡಿಯೊದಲ್ಲಿ ಅಮ್ಮನ ಕೈ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ದೆವ್ವದ ಕಥೆ ಹೇಳುವವರ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಆದರೆ ಇದು ನನ್ನ ಕಣ್ಣೆದುರೇ ನಡೆದದ್ದು, ಮೂಡಿಗೆರೆಯ ಸ್ಟುಡಿಯೊದಲ್ಲಿ, ನಾನು ದಿನಾ ಕೂರುವ ಕುರ್ಚಿಯಲ್ಲೇ.

ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಮದುವೆಗೆ ಮೊದಲೇ ತೀರಿಹೋದ ಅಪ್ಪನನ್ನೋ ಅಮ್ಮನನ್ನೋ ವಿಡಿಯೊದೊಳಗೆ ತರಿಸುವ ರೂಢಿ ನಮ್ಮ ಕಡೆ ಇದೆ. ಫೋಟೊದಿಂದ ಅವರನ್ನು ಕತ್ತರಿಸಿ, ಧಾರೆಯ ದೃಶ್ಯದ ಮೇಲೆ ಕೂರಿಸಿ, ಮೇಲಿನಿಂದ ಮೆಲ್ಲಗೆ ಇಳಿದು ಬಂದು ಆಶೀರ್ವಾದ ಮಾಡುವಂತೆ ಓಡಿಸುತ್ತೇವೆ. ಎಷ್ಟೋ ಜನರ ಅಪ್ಪಂದಿರನ್ನು ಟೀ ಕುಡಿಯುತ್ತಲೇ ಇಳಿಸಿದ್ದೇನೆ.

ಈ ಸಲ ಇಳಿಸಬೇಕಾದದ್ದು ನನ್ನ ಅಮ್ಮನನ್ನೇ.

ತಂಗಿ ಸೌಮ್ಯಳ ಮದುವೆಯ ವಿಡಿಯೊ ಅದು. "ಅಕ್ಕಾ, ಧಾರೆ ಹೊತ್ತಲ್ಲಿ ಅಮ್ಮ ನನ್ನ ಹತ್ರ ಇರ್ಬೇಕು. ಅಷ್ಟು ಮಾಡ್ಕೊಡು, ಮತ್ತೆಂಥದೂ ಬೇಡ" ಅಂದಿದ್ದಳು.

ಅಮ್ಮನದು ಸರಿಯಾದ ಫೋಟೊ ಒಂದೇ, ತಂಗಿಯ ನಿಶ್ಚಿತಾರ್ಥದ್ದು. ಅದರಲ್ಲಿ ಅಮ್ಮನ ಕೈ ನನ್ನ ಎಡಭುಜದ ಮೇಲಿದೆ. ಆಗ ನಾವಿಬ್ಬರೂ ಮಾತು ಬಿಟ್ಟು ಐದು ತಿಂಗಳಾಗಿತ್ತು. ಅಮ್ಮ ನನಗೆ ನೋಡಿದ ಗಂಡನ್ನು ನಾನು ಬೇಡವೆಂದಿದ್ದೆ. ಜನರಿಗೆ ತೋರಿಸಲು ಕೈ ಇಟ್ಟಿದ್ದಾಳೆಂದು ನನಗೆ ಸಿಟ್ಟು. ಫ್ಲ್ಯಾಶ್ ಹೊಡೆದದ್ದೇ ತಡ, ಭುಜ ಕೊಡವಿ ಆಚೆ ಹೋದೆ. ಮುಂದಿನ ತಿಂಗಳು ಬಾಳೂರಿನ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದಲ್ಲೇ ಅಮ್ಮ ಕುಸಿದು ಬಿದ್ದಳು. ಬಿಟ್ಟ ಮಾತು ಬಿಟ್ಟ ಹಾಗೇ ಉಳಿಯಿತು.

ರಾತ್ರಿ ಒಂಬತ್ತರ ಹೊತ್ತು. ಫೋಟೊದಿಂದ ನನ್ನನ್ನು ಅಳಿಸಿದೆ. ಅಮ್ಮನ ಕೈ ಗಾಳಿಯಲ್ಲಿ ಉಳಿಯಿತು. ಇರಲಿ, ಸೌಮ್ಯಳ ತಲೆಯ ಮೇಲೆ ಸರಿಯಾಗಿ ಕೂರುತ್ತದೆ ಎಂದುಕೊಂಡೆ. ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಎರಡು ಗುರುತು ಹಾಕಿದರೆ ಸಾಕು, ನಡುವಿನ ದಾರಿಯನ್ನು ಕಂಪ್ಯೂಟರೇ ನಡೆಸುತ್ತದೆ. ಪ್ಲೇ ಒತ್ತಿದೆ.

ಅಮ್ಮ ಇಳಿದಳು... ಅರ್ಧ ದಾರಿಯಲ್ಲಿ ನಿಂತಳು... ಎಡಕ್ಕೆ ಸರಿದಳು.

ಪರದೆಯ ಆ ಅಂಚಿನಲ್ಲಿ, ಮದುವೆಯ ದಿನ ವಿಡಿಯೊಗೆಂದು ಲೈಟ್ ಹಿಡಿದು ನಿಂತಿದ್ದವಳು ನಾನು. ಅಮ್ಮನ ಕೈ ನೇರ ನನ್ನ ಎಡಭುಜದ ಮೇಲೆ ಬಂದು ಕೂತಿತು.

ಗುರುತು ಅಳಿಸಿ ಮತ್ತೆ ಹಾಕಿದೆ. ಅದೇ. ಫೋಟೊ ತೆಗೆದು ಹೊಸದಾಗಿ ಹಾಕಿದೆ. ಅದೇ... ರೂಮಿನಲ್ಲಿ ಕಾಫಿ ಹಣ್ಣಿನ ಹುಳಿ ವಾಸನೆ. ಕೊಯ್ಲಿನ ದಿನಗಳಲ್ಲಿ ಅಮ್ಮನ ಸೀರೆಯಿಂದ ಬರುತ್ತಿದ್ದ ವಾಸನೆ. ಕೊಯ್ಲು ಮುಗಿದು ಎರಡು ತಿಂಗಳಾಗಿತ್ತು.

ಶಟರ್ ಎಳೆಯಲು ಬಂದ ಸ್ಟುಡಿಯೊ ಮಾಲೀಕ ಲೋಕಣ್ಣ ನನ್ನ ಹಿಂದೆ ನಿಂತರು. ಮದುವೆಯಲ್ಲಿ ಕ್ಯಾಮೆರಾ ಹಿಡಿದವರೂ ಅವರೇ.

"ಎಂಥ ಮಾರಾಯ್ತಿ, ಅಮ್ಮನ್ನ ನಿನ್ನ ಹತ್ರ ಯಾಕೆ ತಂದೆ?"

"ನಾನು ತಂದಿಲ್ಲ ಲೋಕಣ್ಣ..."

ಅವರು ಬಗ್ಗಿ ನೋಡಿದರು. ಆಮೇಲೆ ದನಿ ತಗ್ಗಿಸಿ, "ಅಮ್ಮನ ಫೋಟೊ ತೆಗ್ದು ಬರೀ ಮದುವೆಯದ್ದು ಓಡ್ಸು. ನಿನ್ನ ಭುಜ ನೋಡು" ಅಂದರು.

ಓಡಿಸಿದೆ. ಧಾರೆಯ ನೀರು ಬೀಳುವ ಹೊತ್ತಿಗೆ ಪರದೆಯಲ್ಲಿರುವ ನಾನು ಎಡಭುಜ ಕೊಡವುತ್ತೇನೆ. ತಿರುಗಿಯೂ ನೋಡುವುದಿಲ್ಲ.

ನೆನಪಾಯಿತು. ಅವತ್ತು ಯಾರೋ ಭುಜದ ಮೇಲೆ ಕೈ ಇಟ್ಟಿದ್ದರು. ನುಗ್ಗಿಕೊಂಡು ಬಂದ ಯಾರೋ ನೆಂಟರಿರಬೇಕು, ಲೈಟ್ ಅಲುಗುತ್ತದೆ ಎಂದು ಕೊಡವಿದ್ದೆ.

"ನನ್ನ ಹಿಂದೆ ಯಾರಿದ್ರು ಲೋಕಣ್ಣ?"

"ಎಲ್ಲಿ ಯಾರಿದ್ರು... ಗೋಡೆಗೆ ಒತ್ಕೊಂಡೇ ನಿಂತಿದ್ದೀಯಲ್ಲ, ನೋಡು."

ಎರಡನೇ ಸಲವೂ ಕೊಡವಿಬಿಟ್ಟಿದ್ದೆ. ಕುರ್ಚಿಯಲ್ಲೇ ಕೂತು ಅತ್ತೆ. ಲೋಕಣ್ಣ ಹೊರಗೆ ಹೋಗಿ ನಿಂತರು.

ಬೇರೆ ದಾರಿ ಕಾಣದೆ, ಅಮ್ಮನ ಕೈ ನನ್ನ ಭುಜದ ಮೇಲಿದ್ದ ವಿಡಿಯೊವನ್ನೇ ಸೌಮ್ಯಳಿಗೆ ಕೊಟ್ಟೆ. ಅವಳ ಒಂದೇ ಒಂದು ಆಸೆಯನ್ನೂ ಕೆಡಿಸಿದೆನೆಂಬ ಸಂಕಟ. ಅವಳು ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದಳು.

"ನಾನು ಅಮ್ಮ ಮಾತು ಬಿಟ್ಟಿರ್ಲಿಲ್ವಲ್ಲ ಅಕ್ಕ. ನಿನ್ನ ಹತ್ರಾನೇ ಇರ್ಲಿ."

ಅದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹುಳಿ ವಾಸನೆ ಆಗಾಗ ಬರುತ್ತದೆ. ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು, ಎಡಭುಜ ಅಲುಗಿಸದೆ ಕೂರುತ್ತೇನೆ. ಹೆದರಿಕೆ ಆಗುತ್ತದೆ... ಆದರೂ ಅಲುಗುವುದಿಲ್ಲ.

ಕೈ ಮಾತ್ರ ಮತ್ತೆ ಬಂದಿಲ್ಲ.