ಮುರಿದ ಬೋಲ್ಟಿನ ತಲೆ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಜೀರಿಗೆ ಡಬ್ಬಿಯ ಪಕ್ಕ, ಒಂದು ಕಬ್ಬಿಣದ ತುಂಡು ಕುಳಿತಿದೆ. ಕಸವೆಂದು ಎಸೆಯಹೋದವರ ಕೈಯಿಂದ ನಾನದನ್ನು ಕಸಿದುಕೊಂಡದ್ದೂ ಉಂಟು. ಅದಕ್ಕೆ ಅಲ್ಲೇಕೆ ಜಾಗ ಎಂದು ನೀವು ಕೇಳದಿದ್ದರೂ ಹೇಳುತ್ತೇನೆ, ಹೇಳದೆ ಇರುವುದು ನನ್ನ ಜಾಯಮಾನದಲ್ಲಿಲ್ಲ.

ಅದು ನಮ್ಮ ಹಳೆಯ ಕಾರಿನ ಎಂಜಿನ್ ಮುಚ್ಚಳವನ್ನು ಹಿಡಿದಿದ್ದ ಬೋಲ್ಟಿನ ತಲೆ. ಮುಚ್ಚಳದ ಅಂಚಿನಲ್ಲಿ ಎಣ್ಣೆ ಜಿನುಗುವುದನ್ನು ಕಂಡು ನನ್ನವರು ಪಾನಾ ಹಿಡಿದು ಅದನ್ನು ಒಂದಿಷ್ಟು ಬಿಗಿ ಮಾಡಿದ್ದರು. ಅದು ತಿಳಿಯದ ನಾನು ಇನ್ನೊಂದಿಷ್ಟು. ಇಂಡಿಯಿಂದ ಬಂದ ತಮ್ಮ, ಗಾಡಿಯ ಮೇಲಿನ ಪ್ರೀತಿಗೆ, ಮತ್ತೊಂದಿಷ್ಟು. ಮೂವರ ಕಾಳಜಿಯನ್ನೂ ಹೊತ್ತ ಬೋಲ್ಟು ತಮ್ಮನ ಕೈಯಲ್ಲಿ ಟಕ್ಕೆಂದಿತು. ತಲೆ ಹೊರಗೆ ಬಂತು, ಮುಂಡ ಎಂಜಿನ್ನಿನಲ್ಲೇ ಉಳಿಯಿತು.

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಮರುದಿನ ಗೊಳಸಂಗಿಯ ನನ್ನ ಅಕ್ಕನನ್ನು ಕಣ್ಣಿನ ಆಪರೇಷನ್ನಿಗೆ ವಿಜಯಪುರಕ್ಕೆ ಕರೆದೊಯ್ಯಬೇಕಿತ್ತು. ಎರಡೂ ಕಣ್ಣು ಮಂಜಾಗಿ, ಗೋಡೆ ಹಿಡಿದು ಓಡಾಡುವಂತಾಗಿದ್ದರೂ, ಬಸ್ಸಿನಲ್ಲಿ ವಾಂತಿ, ಕಂಡವರ ಕಾರಿನಲ್ಲಿ ಉಸಿರುಕಟ್ಟು ಎಂದು ನೆಪ ಹೇಳುತ್ತಲೇ ಬಂದವಳು ಕೊನೆಗೆ, "ಬಂದ್ರ ನಿನ್ನ ಗಾಡ್ಯಾಗ ಬರ್ತೇನಿ, ಇಲ್ಲಂದ್ರ ಇಲ್ಲ," ಎಂದು ಒಪ್ಪಿದ್ದಳು. ಈಗ ತಪ್ಪಿದರೆ ಅವಳು ಮತ್ತೆ ಒಪ್ಪುವವಳಲ್ಲವೆಂದು ನನಗೆ ಗೊತ್ತಿತ್ತು.

ಸಿಂದಗಿಯ ಗ್ಯಾರೇಜಿನ ರಫೀಕ ಬಾನೆಟ್ಟಿನೊಳಗೆ ಇಣುಕಿ ಮುಖ ಸಣ್ಣದು ಮಾಡಿದ. "ಒಳಗಿಂದು ಮತ್ತ ಮುರೀತಂದ್ರ ಎಂಜಿನ್ ಬಿಚ್ಚಬೇಕಾಗತೈತ್ರಿ ಅಕ್ಕಾರ. ಕೈ ಹಚ್ಚಾಕ ನನಗೂ ಅಂಜಿಕಿ ಬರಾಕತ್ತೈತಿ." ಅವನ ಅಂಜಿಕೆ ನನ್ನದಕ್ಕೆ ಬಂದು ಕೂಡಿಕೊಂಡಿತು. ಒಳಗುಳಿದ ಮೋಟನ್ನು ತಿರುಗಿಸಿ ತೆಗೆಯಲು ಹಿಡಿತ ಸಿಗಲೆಂದು ಅದರ ಮೇಲೆ ನಟ್ಟೊಂದನ್ನು ಬೆಸುಗೆ ಹಾಕಿ, ಆರಲಿ ಎಂದು ಕೈಕಟ್ಟಿ ಕೂತ.

ಕೂತಲ್ಲಿ ಕೂರಲಾಗದೆ ನಾನು ಅಕ್ಕನಿಗೆ ಫೋನು ಹಚ್ಚಿದೆ. "ನಾಳೆ ಬರ್ತಿ ಹೌದಿಲ್ಲೊ?"

"ಮುಂಜಾನೆ ನೀನೂ ಕೇಳ್ದಿ, ನಿನ್ನ ಗಂಡನೂ ಕೇಳ್ದ, ತಮ್ಮನೂ ಕೇಳ್ದ. ನಾ ಬರೂದಿಲ್ಲ. ನೀ ಗಾಡಿ ತರಬ್ಯಾಡ," ಎಂದು ಇಟ್ಟುಬಿಟ್ಟಳು.

ನನ್ನ ಅಂಗೈಯಲ್ಲಿ ಬೋಲ್ಟಿನ ತಲೆಯಿತ್ತು. ನೋಡಿ, ಅದು ಸಡಿಲಾಗಿ ಮುರಿದದ್ದಲ್ಲ. ಎಲ್ಲಿ ಸಡಿಲಾದೀತೋ ಎಂಬ ನಮ್ಮ ಭಯಕ್ಕೆ ಮುರಿದದ್ದು. ಪ್ರೀತಿಯ ಮನೆಗಳಲ್ಲಿ ಇದೊಂದು ಪೀಡೆ: ನೆನೆದವರೆಲ್ಲ ಬಂದು ಒಂದೊಂದಿಷ್ಟು ತಿರುವಿ ಹೋಗುತ್ತಾರೆ, ಎಲ್ಲ ಸೇರಿ ಎಷ್ಟಾಯಿತೆಂಬುದು ತಿರುವಿಸಿಕೊಂಡವರಿಗಷ್ಟೇ ಗೊತ್ತು. ಮತ್ತೆ ಫೋನು ಮಾಡಲು ಬೆರಳು ತುರಿಸುತ್ತಿತ್ತು. ಸುಮ್ಮನಿದ್ದರೆ ಅಕ್ಕನ ಕಣ್ಣು ಹೋದೀತು, ಕೇಳಿದರೆ ಅಕ್ಕನೇ ಮುನಿದಾಳು. ಫೋನನ್ನು ಚೀಲದ ತಳಕ್ಕೆ ತುರುಕಿದೆ.

ಇಳಿಹೊತ್ತಿಗೆ ಮೋಟು ಹೊರಬಂತು. ರಫೀಕ ಹೊಸ ಬೋಲ್ಟು ಕೂಡಿಸಿ ಕೊಟ್ಟ.

ಮರುದಿನ ಹೇಳದೆ ಕೇಳದೆ ಗೊಳಸಂಗಿಗೆ ಹೋದೆ. ಚಹಾ ಕುಡಿದೆ. ವಿಜಯಪುರದ ಹೆಸರೆತ್ತಲಿಲ್ಲ.

"ಗಾಡಿಗಿ ಏನಾಗಿತ್ತು?" ಅಕ್ಕನೇ ಕೇಳಿದಳು. ತಮ್ಮ ಸುದ್ದಿ ಮುಟ್ಟಿಸಿದ್ದ.

ಬೋಲ್ಟಿನ ತಲೆಯನ್ನು ಅವಳ ಅಂಗೈಗಿಟ್ಟೆ. ಮುರಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು. "ಯಾರು ಮುರದ್ರು?"

"ಎಲ್ಲಾರೂ ಕೂಡೇ ಮುರದೀವಿ ಅಕ್ಕಾ. ನಿನಗ ಅಂಜಿಕಿ ಆಗೈತೇನು?"

"ಭಾಳ," ಎಂದಳು. ಬರುತ್ತೀಯಾ ಎಂದು ದಿನವೂ ಕೇಳಿದ ನಾವ್ಯಾರೂ ಇದನ್ನು ಕೇಳಿರಲಿಲ್ಲ. ಬೋಲ್ಟಿನ ತಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮೆಲ್ಲಗೆ ಎದ್ದಳು. "ನನ್ನ ಚಪ್ಪಲಿ ಎಲ್ಲಿ ಅದಾವ ನೋಡು."

ದಾರಿಯುದ್ದಕ್ಕೂ ಅದು ಅವಳ ಮುಷ್ಟಿಯಲ್ಲೇ ಇತ್ತು. ಆಪರೇಷನ್ ಕೋಣೆಯ ಬಾಗಿಲಲ್ಲಿ ನನ್ನ ಕೈಗೆ ಕೊಟ್ಟಾಗ ಬೆವರಿಗೆ ಒದ್ದೆಯಾಗಿತ್ತು.

ಮೊನ್ನೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಯಾವ ಗೋಡೆಯನ್ನೂ ಹಿಡಿಯದೆ ಅಡುಗೆಮನೆಗೆ ನಡೆದು, ಕಿಟಕಿಯಲ್ಲಿದ್ದ ತುಂಡನ್ನೆತ್ತಿ ಬೆಳಕಿಗೆ ಹಿಡಿದಳು.

"ಇಷ್ಟ ಸಣ್ಣದೇನ ಇದು?" ಎಂದಳು. "ಅವತ್ತ ಕೈ ತುಂಬಾ ಇತ್ತಲ್ಲ."