ಹುಣಸೆಹಣ್ಣಿಗೆ ಸೋತ ಸಿಂಹಗಳು

ಹೆಂಡತಿ ಮೈಸೂರಿಗೆ ಹೋಗಿದ್ದಾಳೆ; ಅಡುಗೆಮನೆಗೆ ಈಗ ನಾನೇ ದೊರೆ. ಬೆಳಿಗ್ಗೆ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣು ಗೋಡೆಯ ಹಿತ್ತಾಳೆ ಫಲಕದತ್ತ ಹೋಯಿತು. ಅದರಲ್ಲೇನಿದೆ ಎನ್ನುತ್ತೀರಾ? ಈಗ ಏನೂ ಇಲ್ಲ. ಒಂದು ಕಾಲಕ್ಕೆ ನೈರೋಬಿ ನಗರದ ಲಾಂಛನವೇ ಇತ್ತು.

ಇಲ್ಲಿ ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಮಂಗಳೂರಿನ ಲ್ಯಾನ್ಸಿ ಅಂಕಲ್. ಬ್ರಿಟಿಷರ ಕಾಲದ ಯಾವುದೋ ಕಟ್ಟಡ ಕೆಡವಿದಾಗ ಗುಜರಿಯವನಿಂದ ಈ ಫಲಕ ಕೊಂಡು, ಏಸುವಿನ ಪಟದ ಕೆಳಗೆ ತೂಗುಹಾಕಿದ್ದರು. ಬಂದವರಿಗೆ ಚಹಾಕ್ಕಿಂತ ಮೊದಲು ಉಪನ್ಯಾಸ.

“ಗುರಾಣಿಯ ಮೇಲೆ ಈ ಅಲೆ ಉಂಟಲ್ಲ, ಅದು ನೀರು. ನೈರೋಬಿ ಅಂದ್ರೆ ಮಸಾಯಿ ಭಾಷೆಯಲ್ಲಿ ತಣ್ಣೀರು. ಗುರಾಣಿ ಬ್ರಿಟಿಷರದ್ದು, ನೀರು ಮಸಾಯಿಯವರದ್ದು, ಹಿತ್ತಾಳೆ ನನ್ನದು!”

ಅಕ್ಕಪಕ್ಕದ ಎರಡು ಸಿಂಹಗಳು ದೊರೆತನದ ಗುರುತಂತೆ. ಅವರ ಹೆಂಡತಿ ಸೆವ್ರಿನ್ ಆಂಟಿ ಯಾವ ದೊರೆತನಕ್ಕೂ ಸೊಪ್ಪು ಹಾಕುವವರಲ್ಲ. ಹಿತ್ತಾಳೆ ಅಂದ ಮೇಲೆ ಶನಿವಾರ ಹುಣಸೆಹಣ್ಣು, ಬೂದಿ. ವರ್ಷಗಟ್ಟಲೆ ಉಜ್ಜಿಸಿಕೊಂಡ ಸಿಂಹಗಳು ನಾಯಿಗಳಾದವು, ಆಮೇಲೆ ಬೆಕ್ಕುಗಳಾದವು. ಚಿತ್ರ ಸವೆದಷ್ಟೂ ಉಪನ್ಯಾಸ ಬೆಳೆಯಿತು.

ತಮ್ಮೊಳಗೆ ಕೊಂಕಣಿ ಆಡುವ ದಂಪತಿ, ನನ್ನ ಬೆಂಬಲಕ್ಕಾಗಿ ನನ್ನೆದುರು ಕನ್ನಡದಲ್ಲೇ ಜಗಳಾಡುತ್ತಿದ್ದರು.

“ಚರಿತ್ರೆ ಹೋಗ್ತಾ ಉಂಟು ಮಾರಾಯ್ತಿ!”

“ಹೋದದ್ದು ಕಿಲುಬು. ನಿಮ್ಮ ಸಿಂಹಕ್ಕೆ ಸ್ನಾನ ಬೇಡ್ವಾ?”

ಅವರ ಮನೆಯ ಮೀನುಸಾರು ಉಂಡವನು ನಾನು, ಇಬ್ಬರಿಗೂ ತಲೆಯಾಡಿಸುತ್ತಿದ್ದೆ.

ಮುಂದೆ ಆಂಟಿ ಮಗಳ ಬಾಣಂತನಕ್ಕೆ ಊರಿಗೆ ಹೋದರು. “ಇನ್ನು ಸಿಂಹ ಸೇಫ್,” ಎಂದು ಅಂಕಲ್ ಹಿಗ್ಗಿದರು. ಆದರೆ ಆಂಟಿ ಬರುವುದು ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ಮೊಮ್ಮಗುವನ್ನು ಬಿಟ್ಟು ಇನ್ನು ಬರುವುದೇ ಇಲ್ಲವೇನೋ ಎಂದು ಅಂಕಲ್‌ಗೆ ಭಯ ಹತ್ತಿತು. ಫಲಕ ಕಪ್ಪಾಯಿತು. ಬಂದವರು ತಾವಾಗಿ ಕೇಳಿದರೂ ಉಪನ್ಯಾಸ ಹೊರಡಲಿಲ್ಲ. ಒಂದು ಶನಿವಾರ ನಮ್ಮ ಬಾಗಿಲಿಗೆ ಬಂದು, “ಸ್ವಲ್ಪ ಹುಣಸೆಹಣ್ಣು ಉಂಟಾ ಮಾರಾಯ್ರೆ?” ಎಂದರು. ಒಂದು ಉಂಡೆ ತಂದುಕೊಟ್ಟೆ.

ಪಳಗದ ಕೈ. ಹುಣಸೆಹಣ್ಣು ಸಾಲದೆಂದು ಉಪ್ಪುಕಾಗದವನ್ನೂ ಹಿಡಿದರು. ಬೆಕ್ಕುಗಳೂ ಹೋದವು, ತಣ್ಣೀರೂ ಬತ್ತಿತು.

ಕೊನೆಗೂ ಬಂದಿಳಿದ ಆಂಟಿ ಹೌಹಾರಿದರು. “ಅಯ್ಯೋ, ನಿಮ್ಮ ಸಿಂಹ ಎಲ್ಲಿ?”

“ಹೋಗ್ಲಿ ಬಿಡು. ನೀನು ಬಂದಿಯಲ್ಲ.”

ಇಬ್ಬರೂ ಮಂಗಳೂರಿಗೆ ಮರಳುವಾಗ ಫಲಕವನ್ನು ನನಗೆ ಕೊಟ್ಟುಹೋದರು.

ನಿನ್ನೆ ಫೋನಿನಲ್ಲಿ ಹೆಂಡತಿ, “ಅಮ್ಮ ಇನ್ನೂ ಹದಿನೈದು ದಿನ ಇರು ಅಂತಿದ್ದಾರೆ, ಟಿಕೆಟ್ ಮುಂದಕ್ಕೆ ಹಾಕ್ಲಾ?” ಎಂದಿದ್ದಳು. “ಧಾರಾಳವಾಗಿ,” ಎಂದಿದ್ದೆ, ದೊರೆಯ ಗತ್ತಿನಲ್ಲಿ. ಈಗ ಮತ್ತೆ ಫಲಕ ನೋಡಿದೆ, ಉಜ್ಜುವವಳಿಲ್ಲದೆ ಕಪ್ಪಾಗತೊಡಗಿದೆ. ಒಲೆ ಆರಿಸಿ, ಹುಳಿಗೈಯಲ್ಲೇ ಫೋನ್ ಎತ್ತಿಕೊಂಡೆ.