ಭೀಮಣ್ಣ ಸರ್ ಜೇಬಿನ ಹಣಿಗೆ

ಹುಡುಕಿದರೂ ತಲೆಯ ಮೇಲೆ ನಾಲ್ಕು ಕೂದಲು ಸಿಗುತ್ತಿರಲಿಲ್ಲ. ಆದರೂ ಭೀಮಣ್ಣ ಸರ್ ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಕರಿ ಹಣಿಗೆ! ಶಹಾಪುರದ ಕಾಲೇಜಿನಲ್ಲಿ ಅವರು ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದರು. ಸಂತೆಯಲ್ಲಿ ಹಣಿಗೆ ಕೊಳ್ಳುವಾಗ ಒಂದೊಂದನ್ನೂ ಬಿಸಿಲಿಗೆ ಹಿಡಿದು, ಹಲ್ಲು ಸರಿಯಿವೆಯೇ ಎಂದು ನೋಡುವರು. ಅಂಗಡಿಯವನು, "ಸರ್, ಯಾರ ತಲಿಗ್ರಿ ಇದು?" ಎಂದು ಕಿಚಾಯಿಸಿದರೆ, "ಬೆಳಕಿಗಪ್ಪಾ" ಎನ್ನುವರು. ಪಾಪ, ಅವನು ಇವರಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು.

ತರಗತಿಯಲ್ಲಿ ಆ ಹಣಿಗೆಯ ಮೇಲೆ ಉಗುರನ್ನು ಕಿರ್ರ್ ಎಂದು ಎಳೆಯುತ್ತಿದ್ದರು. "ಕೇಳ್ರಿ. ಹಲ್ಲಿನ ನಡುವ ಅಂತರ ಎಲ್ಲಾ ಕಡಿ ಒಂದೇ ಇದ್ರ ಇದೇ ಅಳತಿಪಟ್ಟಿ. ಬೆಳಕು ಎಷ್ಟು ಜಲ್ದಿ ನಡಗತದ ಅಂದ್ರ, ಆ ನಡುಕ ಯಾವ ಯಂತ್ರಕ್ಕೂ ನೇರ ಎಣಸಾಕ ಆಗಂಗಿಲ್ಲ. ಅದಕ್ಕ ಲೇಸರಿನಿಂದ ಬೆಳಕಿನ ಹಣಿಗಿ ಮಾಡ್ಯಾರ; ಸಮ ಅಂತರದ ಸಾವಿರಾರು ಬಣ್ಣಾನ ಅದರ ಹಲ್ಲು. ಗೊತ್ತಿಲ್ಲದ ಬೆಳಕನ್ನ ಅದರ ಹಲ್ಲಿನ ಬಾಜೂಕ ಇಟ್ಟು ಅಳೀತಾರ." ಆಮೇಲೆ ದನಿ ತಗ್ಗಿಸಿ, "ಸಾಯೂದರಾಗ ಒಮ್ಮಿ ಕಣ್ಣಾರೆ ನೋಡಬೇಕು ನೋಡ್ರಿ" ಎನ್ನುವರು. ಆ ಆಸೆ ನನಗೂ ಅಂಟಿಕೊಂಡಿತು.

ಅಯ್ಯೋ, ಸರ್ ಅವರ ಕಣ್ಣುಗಳೇ ಕೈಕೊಟ್ಟವು. ನಾನು ಅಂಥ ಹಣಿಗೆಯಿದ್ದ ಪ್ರಯೋಗಾಲಯ ಸೇರುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ದೃಷ್ಟಿಯನ್ನು ಪೂರ್ತಿ ತಿಂದಿತ್ತು. ಸುದ್ದಿ ಕೇಳಿ ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಹೊಳೆಯಿತು: ಅಳೆಯಬೇಕಾದ ಲೇಸರನ್ನು ಹಣಿಗೆಯ ಹತ್ತಿರದ ಹಲ್ಲಿನೊಂದಿಗೆ ಬೆರೆಸಿದಾಗ ಎರಡರ ಕಂಪನದ ವ್ಯತ್ಯಾಸ ಒಂದು ಮಿಡಿತವಾಗಿ ಹೊರಬರುತ್ತದೆ. ಅದರ ವೇಗವನ್ನು ಕಿವಿಗೆ ಕೇಳುವಷ್ಟು ತಗ್ಗಿಸಬಹುದು. ಹಾಗೆಯೇ ಮಾಡಿ, ಫೋನಿಗೆ ಇಳಿಸಿಕೊಂಡು ಸುರಪುರದ ಅವರ ಮನೆಗೆ ಹೋದೆ. ಅದೇ ಕೊನೆಯ ಭೇಟಿ ಎಂದು ನನಗೇನು ಗೊತ್ತಿತ್ತು?

"ಸರ್, ತೋರ್ಸಾಕ ಆಗಲಿಲ್ರಿ. ಕೇಳಸ್ತೀನ್ರಿ."

ಸಣ್ಣ ಸಿಳ್ಳಿನಂಥ ಸದ್ದು ಬಂತು. ಸರ್ ಫೋನಿನತ್ತ ಕಿವಿ ವಾಲಿಸಿದರು.

"ಇದು ಬೆಳಕೇನವಾ?"

"ಹೌದ್ರಿ ಸರ್. ನೀವು ಹೇಳತಿದ್ದ ಹಣಿಗೀದೇ."

"ಹಲ್ಲು ಎಲ್ಲಾ ಸಮ ಅದಾವಿಲ್ಲೋ?"

"ಕೂದಲೆಳಿಯಷ್ಟೂ ಫರಕಿಲ್ರಿ."

ಅವರ ಕಣ್ಣು ತುಂಬಿ ಬಂದವು. ಜೇಬಿನಿಂದ ಹಣಿಗೆ ತೆಗೆದರು. ಕಿರ್ರ್ ಎನ್ನಿಸುತ್ತಾರೆ ಎಂದುಕೊಂಡೆ. ಇಲ್ಲ, ಬೋಳುತಲೆಯನ್ನು ನಿಧಾನವಾಗಿ ಬಾಚಿಕೊಳ್ಳತೊಡಗಿದರು. ಇಷ್ಟು ವರ್ಷದಲ್ಲಿ ಅವರು ಬಾಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇದೇನ್ರಿ ನಡಸೀರಿ?" ಎಂದು ಅವರ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕರು.

"ಸುಮ್ಮಕಿರು. ಬೆಳಕು ನಮ್ಮ ಮನಿತನಾ ಬಂದದ. ಹ್ಯಾಂಗಂದ್ರ ಹಂಗ ಕುಂದ್ರಾಕ ಬರ್ತದೇನು?" ಎಂದವರು ನನ್ನತ್ತ ತಿರುಗಿದರು. "ಹಾಂ, ಈಗ ಇನ್ನೊಮ್ಮಿ ಹಚ್ಚವಾ."